ತುಳಿದರೆ ನುಡಿಯುವ ಪಿಯಾನೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲಿನಿಂದ ತುಳಿದು, ತೂತು ಕೊರೆದ ಕಾಗದದ ಸುರುಳಿಯಿಂದ ನುಡಿಸುವ ಹಳೆಯ ಪಿಯಾನೋ, ಅಂದರೆ ಪಿಯಾನೋಲಾ ಬಗ್ಗೆ ಮೈಸೂರು, ಮಂಡ್ಯ ಕಡೆಯ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. 'ನಮ್ಮದಕ್ಕೆ ಎಷ್ಟು ಬೆಲೆ ಬರುತ್ತದೆ' ಎಂದಷ್ಟೇ ಕೇಳಿದ ಪತ್ರಗಳನ್ನು ಬದಿಗಿಟ್ಟಿದ್ದೇವೆ. ಮುಂದಿನ ಹಲಗೆ ಬಿಚ್ಚಿ ನೋಡದೆ ಬೆಲೆ ಹೇಳುವವರನ್ನು ನಂಬಬೇಡಿ.

ಪ್ರಶ್ನೆ: ತಾತನ ಮನೆಯ ಹಜಾರದಲ್ಲಿ ಎತ್ತರದ ಪಿಯಾನೋ ಇದೆ. ಮುಂದಿನ ಹಲಗೆಯ ನಡುವೆ ಜಾರುವ ಎರಡು ಪುಟ್ಟ ಬಾಗಿಲು, ಒಳಗೆ ಸಾಲಾಗಿ ತೂತುಗಳಿರುವ ಹಿತ್ತಾಳೆ ಪಟ್ಟಿ. ಕೆಳಗೆ ಮಡಚಿಟ್ಟ ಎರಡು ಅಗಲವಾದ ಪೆಡಲ್. ತಾನಾಗಿಯೇ ನುಡಿಯುತ್ತಿತ್ತು ಎನ್ನುತ್ತಾರೆ. ಕರೆಂಟ್ ಬೇಕೇ? ಹೇಗೆ ಕೆಲಸ ಮಾಡುತ್ತದೆ?
— ಲಕ್ಷ್ಮೀಪುರಂ, ಮೈಸೂರು

ಉತ್ತರ: ಕರೆಂಟ್ ಬೇಡ, ನಿಮ್ಮ ಎರಡು ಕಾಲು ಸಾಕು. ಒಂದೇ ಪೆಟ್ಟಿಗೆಯಲ್ಲಿ ಎರಡು ಯಂತ್ರಗಳಿವೆ ಎಂದುಕೊಳ್ಳಿ: ಒಂದು ಸಾಮಾನ್ಯ ಪಿಯಾನೋ, ಇನ್ನೊಂದು ಅದನ್ನು ಬಾರಿಸುವ ಗಾಳಿ ಯಂತ್ರ. ಕೆಟ್ಟಾಗ ಯಾವುದು ಕೆಟ್ಟಿದೆ ಎಂದು ಬೇರ್ಪಡಿಸಿ ನೋಡದವರೇ ಹಣ ಕಳೆದುಕೊಳ್ಳುವುದು.

ಹಾರ್ಮೋನಿಯಂ ತಿದಿ ಗಾಳಿಯನ್ನು ಒತ್ತಿ ಕಳಿಸುತ್ತದೆ. ಪಿಯಾನೋಲಾದ ತಿದಿ ಅದಕ್ಕೆ ತಿರುಗುಮುರುಗು. ಪೆಟ್ಟಿಗೆಯೊಳಗಿನ ಗಾಳಿಯನ್ನು ಹೊರಹಾಕಿ ಎಳೆತ ಹುಟ್ಟಿಸುತ್ತದೆ. ಆ ಹಿತ್ತಾಳೆ ಪಟ್ಟಿಗೆ ಟ್ರ್ಯಾಕರ್ ಬಾರ್ ಎಂದು ಹೆಸರು. 88 ಕೀಗಳಿಗೆ 88 ತೂತು, ಪ್ರತಿ ತೂತಿನ ಹಿಂದೆ ಒಂದು ಸಣ್ಣ ನಳಿಗೆ. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂದ ಕೂಡಲೇ ಕೋಣೆಯ ಗಾಳಿ ನಳಿಗೆಯೊಳಗೆ ನುಗ್ಗಿ, ಅದರ ತುದಿಯಲ್ಲಿರುವ ಪೌಚ್ ಎಂಬ ತೆಳು ಚರ್ಮದ ಬಿಲ್ಲೆಯನ್ನು ಉಬ್ಬಿಸುತ್ತದೆ. ಉಬ್ಬಿದ ಪೌಚ್ ವಾಲ್ವನ್ನು ಎತ್ತುತ್ತದೆ. ವಾಲ್ವ್ ಎದ್ದೊಡನೆ ಆ ಸ್ವರದ ಚಿಕ್ಕ ತಿದಿಯೊಳಗಿನ ಗಾಳಿಯೆಲ್ಲ ಎಳೆದುಹೋಗಿ ತಿದಿ ಮುಚ್ಚಿಕೊಳ್ಳುತ್ತದೆ, ಮುಚ್ಚುವ ರಭಸದಲ್ಲಿ ಪಿಯಾನೋದ ಹ್ಯಾಮರನ್ನು ತಂತಿಗೆ ಹೊಡೆಸುತ್ತದೆ. ಕಾಗದದ ತೂತು ದಾಟಿದ ಮೇಲೆ ಪೌಚ್ ಕೆಳಗಿನ ಗಾಳಿ ಸುಮಾರು ಒಂದು ಮಿಲಿಮೀಟರ್‌ನ ಸಣ್ಣ ರಂಧ್ರದಿಂದ ಸೋರಿಹೋಗಿ ಎಲ್ಲವೂ ಮೊದಲಿನ ಜಾಗಕ್ಕೆ ಬರುತ್ತದೆ. ಈ ಸಣ್ಣ ರಂಧ್ರವನ್ನು ನೆನಪಿಡಿ, ಅರ್ಧ ತೊಂದರೆ ಅಲ್ಲಿಂದಲೇ.

ಕಾಗದವನ್ನು ಎಳೆಯುವುದಕ್ಕೂ ಬೇರೆ ಶಕ್ತಿ ಇಲ್ಲ. ಬಾಗಿಲುಗಳ ಪಕ್ಕದಲ್ಲಿರುವ ಪುಟ್ಟ ಗಾಳಿ ಮೋಟಾರ್ ಇದೇ ಎಳೆತದಿಂದ ತಿರುಗುತ್ತದೆ. ಕೀಗಳ ಮುಂದಿರುವ ಉದ್ದನೆಯ ಮರದ ಪಟ್ಟಿಯನ್ನು ಕೆಳಕ್ಕೆ ಮಡಚಿ ನೋಡಿ, ಸನ್ನೆಗಳು ಸಿಗುತ್ತವೆ: ವೇಗಕ್ಕೊಂದು, ನುಡಿಸುವುದಕ್ಕೂ ಮರಳಿ ಸುತ್ತುವುದಕ್ಕೂ ಒಂದು, ಮಂದ್ರ ಮತ್ತು ತಾರ ಭಾಗಗಳ ಸದ್ದು ತಗ್ಗಿಸಲು ಒಂದೊಂದು, ನಾದ ಹಿಡಿದಿಡಲು ಇನ್ನೊಂದು. 'ತಾನಾಗಿ ನುಡಿಯುತ್ತದೆ' ಎಂಬುದು ಅರ್ಧ ನಿಜ ಮಾತ್ರ. ಯಾವ ಸ್ವರ, ಯಾವಾಗ ಎಂಬುದು ಕಾಗದದಲ್ಲಿದೆ. ಎಷ್ಟು ಜೋರು, ಎಲ್ಲಿ ತಡೆಯಬೇಕು, ಎಲ್ಲಿ ಓಡಬೇಕು ಎಂಬುದು ತುಳಿಯುವವರ ಕಾಲು ಕೈಯಲ್ಲಿದೆ.

ಪ್ರಶ್ನೆ: ನಮ್ಮದು ನಾಲೆಯ ಹತ್ತಿರದ ಮನೆ. ಪಿಯಾನೋಲಾ ಎಷ್ಟು ತುಳಿದರೂ ಕಾಗದ ಒಂದಡಿ ಸರಿದು ನಿಲ್ಲುತ್ತದೆ, ಸ್ವರ ಅಲ್ಲೊಂದು ಇಲ್ಲೊಂದು. ಪರಿಚಯದ ಬಡಗಿಯೊಬ್ಬರು ತಿದಿಗೆ ಹೊಸ ರೆಗ್ಸಿನ್ ಹಾಕಿ ಫೆವಿಕಾಲ್‌ನಲ್ಲಿ ಅಂಟಿಸಿಕೊಡುತ್ತೇನೆ ಎನ್ನುತ್ತಾರೆ. ಒಪ್ಪಲೇ?
— ಮಂಡ್ಯ

ಉತ್ತರ: ಬೇಡ, ಎರಡಕ್ಕೂ ಬೇಡ ಎನ್ನಿ. ಕಾರಣ ಆಮೇಲೆ ಹೇಳುತ್ತೇವೆ. ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕೋಣ.

ರೋಲ್ ತೆಗೆದು ಪಕ್ಕಕ್ಕಿಟ್ಟು ಎಡತುದಿಯಿಂದ ಒಂದೊಂದೇ ಕೀಯನ್ನು ಬೆರಳಿನಿಂದ ಒತ್ತಿ. ಬೆರಳಿಗೂ ನುಡಿಯದ ಕೀ ಇದ್ದರೆ ದೋಷ ಪಿಯಾನೋದ್ದು, ಗಾಳಿ ಯಂತ್ರದ್ದಲ್ಲ. ನಾಲೆ ಬಯಲಿನ ತೇವಕ್ಕೆ ಕೀಗಳ ಕೆಳಗಿನ ಬಟ್ಟೆ ಊದಿಕೊಂಡು ಕೀ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯ. ಅದನ್ನು ಟ್ಯೂನರ್ ಒಂದೇ ದಿನದಲ್ಲಿ ಸರಿಮಾಡುತ್ತಾರೆ. ಬೆರಳಿಗೆ ಎಲ್ಲ ಸರಿಯಾಗಿ ನುಡಿದು ಕಾಗದಕ್ಕೆ ಮಾತ್ರ ನುಡಿಯದಿದ್ದರೆ ಮುಂದಕ್ಕೆ ಹೋಗಿ.

ಕೆಳಗಿನ ಹಲಗೆ ತೆಗೆಯಿರಿ. ಕೀ ಹಾಸಿನ ಕೆಳಗೆ ಅದನ್ನು ಹಿಡಿದಿರುವ ಚಪ್ಪಟೆ ಸ್ಪ್ರಿಂಗ್ ಇರುತ್ತದೆ, ಮೇಲಕ್ಕೆ ಒತ್ತಿದರೆ ಹಲಗೆ ಈಚೆಗೆ ಬರುತ್ತದೆ. ಒಳಗೆ ಪೆಡಲ್‌ಗಳಿಗೆ ಸೇರಿದ ಎರಡು ದೊಡ್ಡ ತಿದಿ, ಎಳೆತವನ್ನು ಕೂಡಿಟ್ಟುಕೊಳ್ಳುವ ಇನ್ನೊಂದೋ ಎರಡೋ ತಿದಿ ಕಾಣುತ್ತವೆ. ಯಂತ್ರದೊಳಕ್ಕೆ ಗಾಳಿ ಬರುವ ದಾರಿಯೆಲ್ಲ ಮುಚ್ಚಿರುವ ಸ್ಥಿತಿಯಲ್ಲಿ ಐದಾರು ಸಲ ತುಳಿದು ಕಾಲು ತೆಗೆಯಿರಿ. ಕೂಡಿಟ್ಟುಕೊಳ್ಳುವ ತಿದಿ ನಿಧಾನಕ್ಕೆ ತೆರೆದುಕೊಳ್ಳಬೇಕು. ಹತ್ತು ಹದಿನೈದು ಸೆಕೆಂಡೂ ತಡೆಯದೆ ತೆರೆದುಕೊಂಡರೆ, ಅಥವಾ ಪೆಡಲ್ ಕಾಲಿಗೆ ಏನೂ ಎದುರು ಕೊಡದೆ ಹಗುರವಾಗಿ ಹೋದರೆ, ಕೆಳಗಿನ ತಿದಿಗಳ ಬಟ್ಟೆಯೇ ಬಿರಿದಿದೆ. ಮಡಿಕೆಯ ಮೂಲೆಗಳನ್ನು ಟಾರ್ಚ್ ಹಿಡಿದು ನೋಡಿ, ಬಿರುಕು ಅಲ್ಲಿಂದಲೇ ಶುರು. ನಿಮ್ಮ ಪತ್ರದ ಪ್ರಕಾರ ಇಲ್ಲಿಯೇ ದೊಡ್ಡ ಸೋರಿಕೆ ಇರುವ ಸಾಧ್ಯತೆ ಹೆಚ್ಚು, ಏಕೆಂದರೆ ಕಾಗದ ಎಳೆಯುವ ಮೋಟಾರಿಗೂ ಸಾಲುವಷ್ಟು ಎಳೆತ ಸಿಗುತ್ತಿಲ್ಲ.

ಕೆಳಭಾಗ ಗಟ್ಟಿಯಿದ್ದರೆ ಮೇಲಿನದನ್ನು ಹೀಗೆ ಪರೀಕ್ಷಿಸಿ. ರೋಲಿನ ಆರಂಭದ, ತೂತಿಲ್ಲದ ಭಾಗ ಟ್ರ್ಯಾಕರ್ ಬಾರ್ ಮೇಲಿದ್ದಾಗ ತುಳಿದರೆ ಒಂದು ಸ್ವರವೂ ಬರಬಾರದು. ಬಂದರೆ ಆ ಸ್ವರದ ನಳಿಗೆ ಸೀಳಿದೆ ಅಥವಾ ಕಳಚಿದೆ, ಇಲ್ಲವೇ ವಾಲ್ವ್ ಎದ್ದಲ್ಲೇ ನಿಂತಿದೆ. ಆಮೇಲೆ ಗಟ್ಟಿ ಕಾಗದದ ಪಟ್ಟಿಯಲ್ಲಿ ಒಂದೇ ಒಂದು ತೂತು ಮಾಡಿ, ಬಾರ್ ಪೂರ್ತಿ ಮುಚ್ಚುವಂತೆ ಹಿಡಿದು, ಇನ್ನೊಬ್ಬರು ತುಳಿಯುತ್ತಿರುವಾಗ ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಿ. ಸ್ವರಗಳು ಒಂದರ ಹಿಂದೆ ಒಂದು ಬರಬೇಕು. ಬಾರದ ಸ್ವರಗಳಿಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ನುಡಿಯದಿರುವುದಕ್ಕೆ ಮೊದಲ ಕಾರಣ ಕಾಗದದ ಧೂಳು. ಅದನ್ನು ಹೊರಕ್ಕೆ ಎಳೆದು ತೆಗೆಯಬೇಕು, ಅದಕ್ಕೆಂದೇ ಚಿಕ್ಕ ಕೈಪಂಪ್ ಸಿಗುತ್ತದೆ. ಬಾಯಿಂದಲೋ ಸೈಕಲ್ ಪಂಪಿನಿಂದಲೋ ಊದಿದಿರೋ, ಧೂಳು ಒಳಗಿಳಿದು ಆಗ ಹೇಳಿದ ಒಂದು ಮಿಲಿಮೀಟರ್ ರಂಧ್ರದಲ್ಲಿ ಕೂರುತ್ತದೆ. ಆಮೇಲೆ ಆ ಸ್ವರ ನುಡಿದರೆ ನಿಲ್ಲುವುದೇ ಇಲ್ಲ.

ನಳಿಗೆಗಳು ರಬ್ಬರಿನವಾಗಿದ್ದರೆ ಬೆರಳಲ್ಲಿ ಹಿಸುಕಿ ನೋಡಿ. ಚಕ್ಕೆಯಂತೆ ಮುರಿದರೆ 88ನ್ನೂ ಒಟ್ಟಿಗೆ ಬದಲಿಸಿ, ನಾಲ್ಕೈದನ್ನು ಬದಲಿಸುವುದು ದಂಡ. ಸಾಮಾನ್ಯ ಅಳತೆ 9/64 ಇಂಚಿನ ಒಳವ್ಯಾಸ, ಸುಮಾರು ಮೂರೂವರೆ ಮಿಲಿಮೀಟರ್. ಮೀನಿನ ತೊಟ್ಟಿಯ ಪ್ಲಾಸ್ಟಿಕ್ ನಳಿಗೆ ಅದಕ್ಕಿಂತ ದೊಡ್ಡದು; ಹಾಕಿದ ದಿನ ಕೂರುತ್ತದೆ, ಬೇಸಿಗೆಯಲ್ಲಿ ಜಾರಿ ಬೀಳುತ್ತದೆ. ಸೀಸದ ನಳಿಗೆ ಇದ್ದು ಮೇಲೆ ಬಿಳಿ ಪುಡಿ ಕಂಡರೆ ಉಜ್ಜಬೇಡಿ, ಊದಬೇಡಿ. ಅದು ವಿಷ, ಮಕ್ಕಳಿರುವ ಮನೆಯಲ್ಲಂತೂ ಒದ್ದೆ ಬಟ್ಟೆಯಿಂದ ಒರೆಸಿ ಎಸೆಯಿರಿ.

ಇನ್ನು ರೆಗ್ಸಿನ್, ಫೆವಿಕಾಲ್ ವಿಚಾರ. ರೆಗ್ಸಿನ್ ದಪ್ಪ. ಚಿಕ್ಕ ತಿದಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿ ತೆರೆಯಬೇಕು, ರೆಗ್ಸಿನ್ ಹಾಕಿದರೆ ಬಟ್ಟೆಯನ್ನು ಮಡಿಸುವುದಕ್ಕೇ ನಿಮ್ಮ ತುಳಿತವೆಲ್ಲ ಖರ್ಚು. ದೊಡ್ಡ ತಿದಿಗೆ ರಬ್ಬರ್ ಲೇಪದ ದಪ್ಪ ಹತ್ತಿ ಬಟ್ಟೆ, ಚಿಕ್ಕವಕ್ಕೆ ಅದೇ ಜಾತಿಯ ತೆಳುವಾದ ಬಟ್ಟೆ ಬೇಕು. ಹಲಗೆ ನಾಲ್ಕೂವರೆ ಇಂಚು ಉದ್ದ, ಒಂದು ಇಂಚು ಅಗಲ, ಕಾಲಿಂಚು ದಪ್ಪವಿದ್ದು ಬಾಯಿ ಒಂದೂಕಾಲು ಇಂಚು ತೆರೆಯುವ ತಿದಿಗೆ ಒಂದೂಮುಕ್ಕಾಲು ಇಂಚು ಅಗಲದ, ಸುಮಾರು ಹನ್ನೊಂದು ಇಂಚು ಉದ್ದದ ಪಟ್ಟಿ ಹಿಡಿಯುತ್ತದೆ. 88ಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 25 ಮೀಟರ್ ಪಟ್ಟಿ. ನಿಮ್ಮದರ ಅಳತೆ ಬೇರೆ ಇರಬಹುದು, ಒಂದನ್ನು ಬಿಚ್ಚಿ ಅಳೆದ ಮೇಲೆಯೇ ಬಟ್ಟೆ ತರಿಸಿ.

ಫೆವಿಕಾಲ್ ಕುರ್ಚಿ ಮೇಜಿಗೆ ಒಳ್ಳೆಯದೇ. ಆದರೆ ತಿದಿಯ ಬಟ್ಟೆ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಬದಲಾಗಲೇಬೇಕಾದ ಭಾಗ. ಆಗ ಬಿಳಿ ಅಂಟಿನ ಬಟ್ಟೆ ಕಿತ್ತರೆ ಮರದ ಸಿಬಿರೂ ಕಿತ್ತು ಬರುತ್ತದೆ, ಹೊಸ ಬಟ್ಟೆ ಗಾಳಿ ತಡೆಯುವಂತೆ ಕೂರುವುದಿಲ್ಲ. ಇದನ್ನು ಮಾಡಿದವರು ಬಳಸಿದ್ದು ಪ್ರಾಣಿಗಳ ಚರ್ಮದಿಂದ ತೆಗೆದ ಬಿಸಿ ಅಂಟು. ಹರಳನ್ನು ತಣ್ಣೀರಿನಲ್ಲಿ ನೆನೆಸಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಬೇಕು. ಕುದಿಸಿದರೆ ಬಿಗಿ ಹೋಗುತ್ತದೆ. ಹಚ್ಚಿದ ಅರ್ಧ ನಿಮಿಷದೊಳಗೆ ಬಟ್ಟೆ ಕೂರಿಸಬೇಕು. ಮುಂದೆ ಯಾರಾದರೂ ಬಿಚ್ಚಬೇಕಾದಾಗ ಬಿಸಿ ಮತ್ತು ತೇವ ತಗುಲಿಸಿದರೆ ಮರ ಹಾಳಾಗದೆ ಬಿಡಿಸಿಕೊಳ್ಳುತ್ತದೆ. ನಿಮ್ಮ ಬಡಗಿಗೆ ಈ ಅಂಟಿನ ಅಭ್ಯಾಸ ಇಲ್ಲದಿದ್ದರೆ ಹಾರ್ಮೋನಿಯಂ ರಿಪೇರಿ ಮಾಡುವ, ಚರ್ಮ ಮತ್ತು ತಿದಿಯ ಕೆಲಸ ಬಲ್ಲವರನ್ನು ಕೇಳಿ. ಒಂದು ತಿದಿ ಮಾಡಿಸಿ ನೋಡಿದ ಮೇಲೆ ಉಳಿದ 87 ಒಪ್ಪಿಸಿ.

ಗಾಳಿ ಮೋಟಾರಿಗೆ ಎಣ್ಣೆ ಹಾಕಬೇಡಿ. ಅದರ ಜಾರು ಹಲಗೆಗಳಿಗೆ ಒಣ ಗ್ರಾಫೈಟ್ ಪುಡಿ ಮಾತ್ರ. ಎಣ್ಣೆ ಮರಕ್ಕೆ ಇಳಿದರೆ ಆಮೇಲೆ ಅಲ್ಲಿ ಯಾವ ಅಂಟೂ ಹಿಡಿಯುವುದಿಲ್ಲ.

ಪ್ರಶ್ನೆ: ಅಟ್ಟದ ಟ್ರಂಕಿನಲ್ಲಿ ಇಪ್ಪತ್ತು ರೋಲ್ ಸಿಕ್ಕಿವೆ. ಕೆಲವು ನಮ್ಮ ಪಿಯಾನೋಗೆ ಕೂರುವುದೇ ಇಲ್ಲ. ಅಂಚು ಹರಿದವಕ್ಕೆ ಸೆಲ್ಲೋಟೇಪ್ ಹಾಕಬಹುದೇ?
— ಸರಸ್ವತಿಪುರಂ, ಮೈಸೂರು

ಉತ್ತರ: ಕೂರದವು 65 ಸ್ವರದ ಹಳೆಯ ಜಾತಿಯವಿರಬೇಕು. ಎರಡು ಜಾತಿಗೂ ಕಾಗದದ ಅಗಲ ಒಂದೇ, ಹನ್ನೊಂದೂಕಾಲು ಇಂಚು, ಹಾಗಾಗಿ ಮೇಲ್ನೋಟಕ್ಕೆ ತಿಳಿಯದು. ಸುರುಳಿಯ ತುದಿ ನೋಡಿ: 65ರದಕ್ಕೆ ಲೋಹದ ಮೊಳೆಯಂಥ ಕಡ್ಡಿ ಹೊರಚಾಚಿರುತ್ತದೆ, 88ರದಕ್ಕೆ ತುದಿ ಒಳಕ್ಕೆ ಟೊಳ್ಳಾಗಿರುತ್ತದೆ. ತೂತುಗಳ ಸಾಲು 65ರಲ್ಲಿ ಇಂಚಿಗೆ ಆರು, 88ರಲ್ಲಿ ಇಂಚಿಗೆ ಒಂಬತ್ತು. ಅಮೆರಿಕದ ತಯಾರಕರು 1908ರಲ್ಲಿ ಬಫಲೋ ನಗರದಲ್ಲಿ ಸೇರಿ ಈ ಒಂಬತ್ತರ ಅಳತೆಗೆ ಒಪ್ಪಿದ್ದರಿಂದಲೇ, ಒಂದು ಕಂಪನಿಯ ರೋಲ್ ಇನ್ನೊಂದು ಕಂಪನಿಯ ಪಿಯಾನೋದಲ್ಲಿ ಇಂದಿಗೂ ನುಡಿಯುತ್ತದೆ.

ಸೆಲ್ಲೋಟೇಪ್ ಖಂಡಿತ ಬೇಡ. ಅದರ ಗಮ್ ಪಕ್ಕದ ಸುತ್ತಿಗೂ ಅಂಟಿ, ಮುಂದಿನ ಸಲ ಬಿಚ್ಚುವಾಗ ಇನ್ನಷ್ಟು ಹರಿಯುತ್ತದೆ. ನಾರುಳ್ಳ ತೆಳು ಜಪಾನಿ ಕಾಗದವನ್ನು ಹರಿದ ಅಂಚಿನ ಹಿಂದೆ, ನೀರಾಗಿ ಕಲಸಿದ ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ, ಮೇಲೆ ಬಟ್ಟರ್ ಪೇಪರ್ ಮತ್ತು ಭಾರ ಇಟ್ಟು ಒಣಗಿಸಿ. ಅಂಟು ದಪ್ಪವಾದರೆ ಕಾಗದ ಸೊಟ್ಟಗಾಗುತ್ತದೆ, ಬೆಳ್ಳಿಹುಳಕ್ಕೂ ಹಬ್ಬ.

ಅಂಚು ಮತ್ತೆ ಮತ್ತೆ ಹರಿಯುತ್ತಿದ್ದರೆ ದೋಷ ಕಾಗದದ್ದಲ್ಲ. ಸುರುಳಿ ನೇರ ಕೂರದೆ ಕಾಗದದ ಅಂಚು ಸುರುಳಿಯ ತುದಿಯ ಬಿಲ್ಲೆಗೆ ಉಜ್ಜುತ್ತಿದೆ. ಕಾಗದ ಒಂದು ಸಾಲು ಪಕ್ಕಕ್ಕೆ ಸರಿದರೆ ಹಾಡೂ ಅರ್ಧ ಸ್ವರ ಮೇಲೋ ಕೆಳಗೋ ಹೋಗುತ್ತದೆ, ಇಲ್ಲವೇ ಪಕ್ಕದ ಎರಡು ಸ್ವರ ಒಟ್ಟಿಗೆ ಕಿರುಚುತ್ತವೆ. ಪಕ್ಕದಲ್ಲಿ ಇದನ್ನು ಸರಿಸುವ ತಿರುಪು ಇರುತ್ತದೆ. ರೋಲ್ ಮೇಲೆ ಬರೆದಿರುವ ಟೆಂಪೋ 70 ಎಂದರೆ ನಿಮಿಷಕ್ಕೆ ಏಳು ಅಡಿ ಕಾಗದ. ಬೇಡವಾದ ರೋಲಿನಲ್ಲಿ ಏಳು ಅಡಿಗೆ ಪೆನ್ಸಿಲ್ ಗುರುತು ಹಾಕಿ, ಸನ್ನೆಯನ್ನು 70ಕ್ಕಿಟ್ಟು ಗಡಿಯಾರ ಹಿಡಿದು ನೋಡಿ. ನೀವು ಜೋರಾಗಿ ತುಳಿದಾಗ ಕಾಗದವೂ ಓಡಿದರೆ ವೇಗ ಹಿಡಿದಿಡುವ ಗವರ್ನರ್ ಕೆಟ್ಟಿದೆ.

ಪ್ರಶ್ನೆ: ಕನ್ನಡ ಹಾಡು, ಕರ್ನಾಟಕ ಸಂಗೀತದ ರೋಲ್ ಸಿಗುತ್ತದೆಯೇ?
— ಶ್ರೀರಂಗಪಟ್ಟಣ

ಉತ್ತರ: ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಮಾಡಿಸಿಕೊಳ್ಳಬಹುದು. ಯಾವ ಸ್ವರ, ಯಾವಾಗ ಎಂದು ಬರೆದಿಟ್ಟಿರುವ ಕಂಪ್ಯೂಟರಿನ ಮಿಡಿ ಫೈಲ್ ಕೊಟ್ಟರೆ ಅದರಂತೆ ರೋಲ್ ಕೊರೆದುಕೊಡುವವರು ಹೊರದೇಶಗಳಲ್ಲಿದ್ದಾರೆ. ಆದರೆ ಆಯ್ಕೆಯಲ್ಲಿ ಎಚ್ಚರವಿರಲಿ. ಪಿಯಾನೋದಲ್ಲಿ ಗಮಕ ಬರುವುದಿಲ್ಲ. ತೋಡಿಯನ್ನು ಇದರಲ್ಲಿ ಕೊರೆಸಿದರೆ ತೋಡಿಯ ಅಸ್ಥಿಪಂಜರ ಸಿಗುತ್ತದೆ, ಅಷ್ಟೇ. ಗಮಕವಿಲ್ಲದೆ ನಿಲ್ಲುವ ರಚನೆ ಬೇಕು. ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ, ಶಂಕರಾಭರಣದ 'ಇಂಗ್ಲಿಷ್ ನೋಟ್' ಇದಕ್ಕೆ ಹೇಳಿ ಮಾಡಿಸಿದ್ದು.

ಪ್ರಶ್ನೆ: ರೇಡಿಯೋ, ಟಿವಿ ಇಲ್ಲದ ಕಾಲದಲ್ಲಿ ಇದು ಮನೆಮಂದಿಯ ಮನರಂಜನೆಯಾಗಿತ್ತೇ, ಬರೀ ಶ್ರೀಮಂತರ ಆಟಿಕೆಯೇ? ಇಂದು ಮನೆಯಲ್ಲಿ ಏನು ಉಪಯೋಗ?
— ಒಂಟಿಕೊಪ್ಪಲು, ಮೈಸೂರು

ಉತ್ತರ: ಅಮೆರಿಕದಲ್ಲಿ ಮಧ್ಯಮ ವರ್ಗದ ಹಜಾರದ ವಸ್ತು, ನಮ್ಮಲ್ಲಿ ಅರಮನೆ, ಬಂಗಲೆಗಳ ವಸ್ತು. 1895ರಲ್ಲಿ ಡೆಟ್ರಾಯಿಟ್‌ನ ಎಡ್ವಿನ್ ವೋಟಿ ಕಟ್ಟಿದ ಮೊದಲ ಪಿಯಾನೋಲಾ ಪಿಯಾನೋದ ಒಳಗಿರಲಿಲ್ಲ. ಪಿಯಾನೋ ಮುಂದೆ ತಳ್ಳಿಕೊಂಡು ಹೋಗಿ ನಿಲ್ಲಿಸುವ ಪೆಟ್ಟಿಗೆ, ಹಿಂಬದಿಯಲ್ಲಿ ಫೆಲ್ಟ್ ಸುತ್ತಿದ 65 ಮರದ ಬೆರಳು. 1904ರಲ್ಲಿ ಜರ್ಮನಿಯ ವೆಲ್ಟೆ ಕಂಪನಿ, ಕಲಾವಿದರ ನುಡಿಸಾಣಿಕೆಯನ್ನು ಜೋರು ಮೆಲುವಿನ ಸಮೇತ ರೋಲಿಗೆ ಇಳಿಸುವ ವ್ಯವಸ್ಥೆ ತಂದಿತು. ಆಮೇಲೆ ಅಂಪಿಕೋ, ಡುಯೋ-ಆರ್ಟ್ ಎಂಬ ಇಂಥದ್ದೇ ವ್ಯವಸ್ಥೆಗಳು ಬಂದವು. ರಷ್ಯದ ಪಿಯಾನೋ ವಾದಕ ರಾಖ್ಮಾನಿನೋಫ್ ಅಂಪಿಕೋಗೆ ರೋಲ್ ಮಾಡಿಕೊಟ್ಟರು. ಈ ಜಾತಿಯ ಪಿಯಾನೋಗಳು ಸಾಮಾನ್ಯವಾಗಿ ಕರೆಂಟಿನವು, ತುಳಿಯುವವರ ಕೆಲಸ ಕಡಿಮೆ. 1923ರ ಹೊತ್ತಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಪಿಯಾನೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಲೇಯರ್‌ಗಳೇ, ಅಂದರೆ ರೋಲಿನಿಂದ ನುಡಿಯುವಂಥವೇ. ರೇಡಿಯೋ ಬಂತು, 1925ರಲ್ಲಿ ಮೈಕ್ ಇಟ್ಟು ಮುದ್ರಿಸಿದ ಗ್ರಾಮಫೋನ್ ತಟ್ಟೆ ಬಂತು, 1929ರಲ್ಲಿ ಷೇರು ಮಾರುಕಟ್ಟೆ ಕುಸಿಯಿತು, ಅಲ್ಲಿಗೆ ಇದರ ವ್ಯಾಪಾರ ಮುಗಿಯಿತು. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದಾಗ ಪಿಯಾನೋಲಾ ಆಗಲೇ ಹಳೆಯ ಸಾಮಾನು. ಪಿಯಾನೋ ಬಲ್ಲವರಾಗಿದ್ದ ಜಯಚಾಮರಾಜ ಒಡೆಯರು 1940ರ ದಶಕದಲ್ಲಿ ರಷ್ಯದ ಸಂಯೋಜಕ ಮೆಟ್ನರ್ ಅವರ ಸಂಗೀತ ಉಳಿಯಲೆಂದು ಹಣ ಕೊಟ್ಟದ್ದೂ ಗ್ರಾಮಫೋನ್ ಮುದ್ರಣಕ್ಕೆ, ರೋಲಿಗಲ್ಲ.

ಇಂದಿನ ಉಪಯೋಗ ಕೇಳಿದಿರಿ. ಕೇಳುವುದಕ್ಕೆ ಮಾತ್ರ ಆದರೆ ಮೊಬೈಲ್ ಸಾಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹಳೆಯ ರೋಲ್‌ಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್‌ನಲ್ಲಿ ಇಟ್ಟಿದ್ದಾರೆ. ಪಿಯಾನೋಲಾದ ಸುಖ ತುಳಿಯುವುದರಲ್ಲಿ. ಹಿಮ್ಮಡಿ ಪೆಡಲ್ ಮೇಲೆ ಊರಿ, ಕಣಕಾಲಿನಿಂದ ಒಂದಾದ ಮೇಲೊಂದು ಒತ್ತಿ. ತೊಡೆಯಿಂದ ತುಳಿದರೆ ಎರಡನೇ ರೋಲಿಗೇ ಸುಸ್ತು. ಮೆಲುಭಾಗದಲ್ಲಿ ಉದ್ದನೆಯ ನಿಧಾನದ ಒತ್ತು, ಒಂದು ಸ್ವರ ಎದ್ದು ಕೇಳಬೇಕಾದರೆ ಅದಕ್ಕೆ ಕೂದಲೆಳೆ ಮುಂಚೆ ಚುಟುಕಾದ ಒದೆತ. ಹಾಡಿನ ಮಾತು ಅಚ್ಚಾಗಿರುವ ರೋಲಿದ್ದರೆ ಸುತ್ತ ನಿಂತವರೆಲ್ಲ ಹಾಡಬಹುದು. ಕಾಗದ ಕೆಳಮುಖವಾಗಿ ಸರಿಯುವುದರಿಂದ ಆ ಮಾತುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ದಸರೆಯಲ್ಲಿ ಇದರ ನೆತ್ತಿಯ ಮೇಲೆ ಗೊಂಬೆ ಕೂರಿಸುವುದು ಮಾತ್ರ ಬೇಡ. ಪ್ರತಿ ಮಂದ್ರ ಸ್ವರಕ್ಕೂ ಗೊಂಬೆ ಗಿಲಿಗಿಲಿ ಎನ್ನುತ್ತದೆ, ಹೂವಿನ ನೀರು ಚೆಲ್ಲಿದರೆ ನೇರ ಹ್ಯಾಮರ್‌ಗಳ ಮೇಲೆ.

ಪ್ರಶ್ನೆ: ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಪಿಯಾನೋಲಾ ಮಾರಾಟಕ್ಕಿದೆ, ದಂತದ ಕೀಗಳಂತೆ. ಕೊಳ್ಳುವ ಮುಂಚೆ ಏನು ನೋಡಬೇಕು?
— ಯಾದವಗಿರಿ, ಮೈಸೂರು

ಉತ್ತರ: ದಂತ ಎಂದು ಮಾರುವವರೇ ಹೇಳಿದ್ದರೆ ಅಲ್ಲಿಯೇ ನಿಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಗಳ ಪ್ರಕಾರ ಭಾರತದ ಆನೆಯ ದಂತ (1986ರಿಂದ), ಆಮದಾದ ಆಫ್ರಿಕದ ದಂತ (1991ರಿಂದ) ಎರಡರ ವ್ಯಾಪಾರಕ್ಕೂ ನಿಷೇಧವಿದೆ. ಹಳೆಯದು ಎಂಬ ಸಬೂಬು ನಡೆಯದು. ಅರಣ್ಯ ಇಲಾಖೆಯನ್ನು ಕೇಳದೆ ಹಣ ಕೊಡಬೇಡಿ. ಗುರುತು ಹಿಡಿಯುವುದು ಹೀಗೆ: ದಂತದ ಹೊದಿಕೆ ಸಾಮಾನ್ಯವಾಗಿ ಎರಡು ತುಂಡು, ಕರಿ ಕೀಗಳು ಶುರುವಾಗುವಲ್ಲಿ ಅಡ್ಡಕ್ಕೆ ಕೂದಲೆಳೆಯಂಥ ಸೇರುಗೆರೆ. ಸೆಲ್ಯುಲಾಯ್ಡ್ ಆದರೆ ಒಂದೇ ತುಂಡು.

ಉಳಿದಂತೆ ಪಿಯಾನೋ ಮೊದಲು, ಗಾಳಿ ಯಂತ್ರ ಆಮೇಲೆ. ಸುಮಾರು 230 ತಂತಿಗಳು ಒಟ್ಟಾರೆ 15ರಿಂದ 20 ಟನ್ ಎಳೆಯುತ್ತಿರುತ್ತವೆ, ಅವನ್ನು ಹಿಡಿದಿರುವುದು ಮರದಲ್ಲಿ ಹೂತ ಉಕ್ಕಿನ ಪಿನ್ನುಗಳು. ಟ್ಯೂನರ್ ಒಬ್ಬರನ್ನು ಕರೆದೊಯ್ದು ನಾಲ್ಕಾರು ಪಿನ್ ತಿರುಗಿಸಿ ನೋಡಲಿ. ಪಿನ್ ಸಡಿಲವಾಗಿ ತಿರುಗಿದರೆ ಬಿಟ್ಟುಬಿಡಿ, ತಿದಿ ಎಷ್ಟೇ ಚೆನ್ನಾಗಿದ್ದರೂ ಶ್ರುತಿ ನಿಲ್ಲದು. ತಿದಿ ಹೋಗಿದ್ದರೆ ಹೆದರಬೇಕಿಲ್ಲ. ಬಹಳ ಕಾಲ ಶ್ರುತಿ ಮಾಡದಿದ್ದರೆ ಒಂದೇ ಸಲಕ್ಕೆ ಏರಿಸಲು ಬಿಡಬೇಡಿ, ಎರಡು ಮೂರು ಸುತ್ತಿನಲ್ಲಿ ಏರಿಸಲಿ. ಮುಚ್ಚಳದ ಒಳಗೆ ಮದರಾಸಿನ ಮಿಸ್ಕ್ವಿತ್‌ನಂಥ ಹೆಸರು ಕಂಡರೆ ಅದು ಮಾರಿದ ಅಂಗಡಿ, ಮಾಡಿದ ಕಂಪನಿಯಲ್ಲ. ಒಳಗಿನ ಕಬ್ಬಿಣದ ಚೌಕಟ್ಟಿನ ಹೆಸರು, ನಂಬರ್ ಬರೆದುಕೊಳ್ಳಿ.

ಸಾಗಿಸುವ ಖರ್ಚನ್ನೂ ಸೇರಿಸಿ. 350ರಿಂದ 400 ಕಿಲೋ ತೂಕ, ಚಕ್ರದ ಗಾಡಿ ಮತ್ತು ಐದಾರು ಆಳು ಬೇಕು. ಅದರ ಸ್ವಂತ ಗಾಲಿಗಳ ಮೇಲೆ ಉರುಳಿಸಿದರೆ ಹಳೆಯ ರೆಡ್ ಆಕ್ಸೈಡ್ ನೆಲದಲ್ಲಿ ಗೆರೆ ಬೀಳುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಒಳಗೆ ಬಲ್ಬ್ ಉರಿಸಿಡಬೇಕು ಎನ್ನುತ್ತಾರೆ, ನಿಜವೇ?
— ಪಾಂಡವಪುರ

ಉತ್ತರ: ಬಲ್ಬ್ ಬೇಡ. ಅದು ಹತ್ತಿರದ ಚರ್ಮ, ರಬ್ಬರನ್ನು ಒಣಗಿಸಿ, ದೂರದ ಮೂಲೆಯನ್ನು ತೇವವಾಗಿಯೇ ಬಿಡುತ್ತದೆ. ಕೋಣೆಯಲ್ಲಿ ಒಂದು ತೇವಾಂಶ ಮಾಪಕ ಇಟ್ಟು, 45ರಿಂದ 60 ಶೇಕಡಾ ನಡುವೆ ಉಳಿಯುವಂತೆ ನೋಡಿಕೊಳ್ಳಿ. ಮಾರ್ಚ್, ಏಪ್ರಿಲ್‌ನ ಒಣಹವೆಯೂ ಮಳೆಗಾಲದಷ್ಟೇ ಕೆಡುಕು. ಹೊರಗೋಡೆ ಬಿಟ್ಟು ಒಳಗೋಡೆಗೆ, ಒಂದು ಗೇಣು ಸಂದು ಕೊಟ್ಟು ನಿಲ್ಲಿಸಿ. ಇಲಿಗೆ ಚರ್ಮವೂ ಫೆಲ್ಟೂ ಪ್ರಿಯ, ಪೆಡಲ್ ಬಾಗಿಲನ್ನು ಎಂದೂ ತೆರೆದಿಡಬೇಡಿ. ಸಿಲಿಕಾ ಜೆಲ್ ಪೊಟ್ಟಣಗಳಿಂದ ಇಷ್ಟು ದೊಡ್ಡ ಪೆಟ್ಟಿಗೆಗೆ ಏನೂ ಆಗುವುದಿಲ್ಲ.

ಪ್ರಶ್ನೆ: ಮಂಡಿನೋವು, ತುಳಿಯಲಾಗುವುದಿಲ್ಲ. ಮೋಟಾರ್ ಹಾಕಿಸಬಹುದೇ?
— ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಗಾಳಿ ಎಳೆಯುವ ವಿದ್ಯುತ್ ಪೆಟ್ಟಿಗೆಯನ್ನು ಕೆಳಗಿನ ಖಾಲಿ ಜಾಗದಲ್ಲಿ ಕೂರಿಸಬಹುದು. ಮರ ಕೊಯ್ಯದೆ, ದೊಡ್ಡ ನಳಿಗೆಯ ನಡುವೆ ಕವಲು ಹಾಕಿ ಸೇರಿಸಿ, ಮನೆಯ ಬೇರೆಯವರು ತುಳಿಯುವ ದಾರಿ ಹಾಗೇ ಇರಲಿ. ಎಳೆತವನ್ನು ನೀರಿನ ಇಂಚಿನಲ್ಲಿ, ಅಂದರೆ ಅದು ನಳಿಗೆಯಲ್ಲಿ ನೀರನ್ನು ಎಷ್ಟು ಇಂಚು ಮೇಲಕ್ಕೆಳೆಯುತ್ತದೆ ಎಂಬುದರಲ್ಲಿ ಅಳೆಯುತ್ತಾರೆ: ಮೆಲುವಾಗಿ ನುಡಿಸಲು ಐದಾರು ಇಂಚು, ಜೋರಿಗೆ ಮೂವತ್ತರ ಆಸುಪಾಸು. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದಕ್ಕಿಂತ ಬಹಳ ಹೆಚ್ಚು ಎಳೆಯುತ್ತದೆ, ಅದನ್ನು ನೇರ ಜೋಡಿಸಿದರೆ ಹಳೆಯ ಪೌಚ್‌ಗಳು ಹರಿಯಬಹುದು. ಅಮೆರಿಕದಿಂದ ತರಿಸಿದ ಪೆಟ್ಟಿಗೆಯಾದರೆ ಮೇಲಿನ ಚೀಟಿ ಓದಿ. 110ರಿಂದ 120 ವೋಲ್ಟ್‌ನದನ್ನು ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ. ಇಂಡಕ್ಷನ್ ಮೋಟಾರ್ ಆದರೆ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗಿ ಎಳೆತ ಕಡಿಮೆಯಾಗುತ್ತದೆ, ಬಿಸಿಯೂ ಹೆಚ್ಚು. ಕೊಳ್ಳುವಾಗಲೇ 230 ವೋಲ್ಟ್, 50 ಹರ್ಟ್ಸ್‌ನದನ್ನು ಕೇಳಿ.